ಚಿತ್ರ ನಮಗೆ, ಬೆಲೆ ಯಾರಿಗೆ?



ಪಾಸ್ಖ ಹಬ್ಬ ಮುಗಿದು ಶಾಲೆಗಳಿಗೆ ರಜೆ ಬಂತೆಂದರೆ ಕೊಡಗಿನ ಮನೆಗಳಲ್ಲಿ ಅದು ನೆಂಟರ ಕಾಲ. ಮಂಗಳೂರಿನಿಂದ ದೊಡ್ಡಮ್ಮನ ಮಕ್ಕಳು ಬರುತ್ತಾರೆ, ಬೆಂಗಳೂರಿನಿಂದ ಚಿಕ್ಕಪ್ಪನ ಸಂಸಾರ ಬರುತ್ತದೆ. ಮನೆ ತುಂಬಿದ ಮೇಲೆ ಒಂದು ದಿನ ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊರಡುವುದು ವಾಡಿಕೆ. ದುಬಾರೆ, ಕಾವೇರಿ ನಿಸರ್ಗಧಾಮ, ಇರ್ಪು ಜಲಪಾತ, ಸ್ವಲ್ಪ ಅನುಕೂಲವಿದ್ದರೆ ಕುಟ್ಟದ ಕಡೆಯಿಂದ ನಾಗರಹೊಳೆ. ಹಿಂದೆ ಇಡೀ ಗುಂಪಿಗೆ ಒಂದೇ ಕ್ಯಾಮೆರಾ ಇರುತ್ತಿತ್ತು. ಅದರೊಳಗೆ 36 ಚಿತ್ರಗಳ ಒಂದು ರೀಲು. ಗುಂಡಿ ಒತ್ತುವ ಮುನ್ನ ಹತ್ತು ಸಲ ಯೋಚಿಸಬೇಕಿತ್ತು. ಇಂದು ಹತ್ತು ವರ್ಷದ ಹುಡುಗನ ಕೈಯಲ್ಲೂ ಮೊಬೈಲಿದೆ. ಅರ್ಧ ದಿನದಲ್ಲಿ ಐನೂರು ಚಿತ್ರ ತೆಗೆದರೂ ಒಂದು ಕಾಸಿನ ಖರ್ಚಿಲ್ಲ.

ಖರ್ಚಿಲ್ಲ ಎಂದೆವು. ಯಾರಿಗೆ ಖರ್ಚಿಲ್ಲ? ಈ ವಾರ ನಿಮ್ಮೊಡನೆ ಕುಳಿತು ಯೋಚಿಸಬೇಕೆಂದಿರುವ ಪ್ರಶ್ನೆ ಇದೇ. ಒಂದು ಜಿಂಕೆಯ, ಒಂದು ಆನೆಯ, ಗೂಡಿನಲ್ಲಿ ಕುಳಿತ ಒಂದು ಹಕ್ಕಿಯ ಚಿತ್ರ ತೆಗೆಯುವಾಗ ನಾವು ಅದರಿಂದ ಏನನ್ನಾದರೂ ಕಸಿದುಕೊಳ್ಳುತ್ತೇವೆಯೇ? "ಫೋಟೋ ತೆಗೆದರೆ ಏನು ತಪ್ಪು? ನಾವೇನು ಅದನ್ನು ಕೊಂದೆವೇ, ತಿಂದೆವೇ?" ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ ಅದು. ಹಾಗಾಗಿ ಅಲ್ಲಿಂದಲೇ ಆರಂಭಿಸೋಣ.

ಕೋವಿಯಿಂದ ಕ್ಯಾಮೆರಾದವರೆಗೆ

ಕೊಡಗು ಬೇಟೆಯ ನಾಡಾಗಿತ್ತು. ಹುಲಿಯನ್ನು ಕೊಂದವನಿಗೆ ಇಲ್ಲಿ 'ನರಿ ಮಂಗಲ' ಮಾಡುತ್ತಿದ್ದರು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಮದುವೆಯ ಮದುಮಗನಂತೆ ಅವನನ್ನು ಅಲಂಕರಿಸಿ, ಕೂರಿಸಿ, ಊರವರೆಲ್ಲ ಬಂದು ಗೌರವಿಸುತ್ತಿದ್ದರು. ದನಕರುಗಳನ್ನು ಹುಲಿ ಹೊತ್ತೊಯ್ಯುತ್ತಿದ್ದ ಕಾಲದಲ್ಲಿ, ಜೀವದ ಹಂಗು ತೊರೆದು ಅದನ್ನು ಎದುರಿಸಿದವನಿಗೆ ಆ ಗೌರವ ಸಂದಿತು. ಅದನ್ನು ಇಂದು ಹೀಗಳೆಯಬೇಕಾಗಿಲ್ಲ. ಹಳೆಯ ತೋಟದ ಬಂಗಲೆಗಳ ಗೋಡೆಯ ಮೇಲೆ ಕಡವೆಯ ಕೊಂಬು, ಕಾಟಿಯ ತಲೆಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, ಬೇಟೆ ನಿಂತಿತು. ಕೋವಿ ಇದ್ದ ಕೈಗೆ ಕ್ಯಾಮೆರಾ ಬಂತು.

ಇದು ಒಳ್ಳೆಯ ಬದಲಾವಣೆ ಎಂಬುದರಲ್ಲಿ ಎರಡು ಮಾತಿಲ್ಲ. ಉತ್ತರ ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಎಂಬವರು 1920ರ ದಶಕದಲ್ಲೇ, ಬೇಟೆ ದೊಡ್ಡಸ್ತಿಕೆಯಾಗಿದ್ದ ಕಾಲದಲ್ಲಿ, ಕಾಡಿನ ಹಾದಿಗೆ ಅಡ್ಡಲಾಗಿ ತೆಳುವಾದ ತಂತಿ ಕಟ್ಟಿ, ಹುಲಿ ಅದನ್ನು ಸೋಕಿದಾಗ ತಾನಾಗಿಯೇ ಚಿತ್ರ ಮೂಡುವಂತೆ ಮಾಡಿದರು. ಅದೇ ಉಪಾಯದ ಸುಧಾರಿಸಿದ ರೂಪವನ್ನು 1990ರ ದಶಕದ ಆರಂಭದಲ್ಲಿ ಡಾ. ಉಲ್ಲಾಸ ಕಾರಂತರು ನಮ್ಮ ನಾಗರಹೊಳೆಯಲ್ಲಿ ಬಳಸಿದರು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ. ಚಿತ್ರದಲ್ಲಿ ಪಟ್ಟೆ ನೋಡಿ, ಇದು ಬೇರೆ, ಅದು ಬೇರೆ ಎಂದು ಗುರುತಿಸಿ ಹುಲಿಗಳನ್ನು ಲೆಕ್ಕ ಹಾಕುವ ವಿಧಾನ ಹೀಗೆ ನಮ್ಮ ಕಾಡಿನಲ್ಲಿ ಬೇರೂರಿ, ಆಮೇಲೆ ದೇಶದ ತುಂಬ ಬಳಕೆಗೆ ಬಂತು. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141 ಹುಲಿಗಳಿವೆ, ಕರ್ನಾಟಕದಲ್ಲಿ ಒಟ್ಟು 563 ಇವೆ ಎಂದು ಹೇಳಲು ಸಾಧ್ಯವಾದದ್ದು ಇಂಥ ಚಿತ್ರಗಳಿಂದಲೇ. ಅತ್ತ ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದು, ಅವುಗಳ ಬಗ್ಗೆ ಬರೆದು, ಎಷ್ಟೋ ಕನ್ನಡಿಗರಿಗೆ ತಮ್ಮ ಹಿತ್ತಲಿನ ಹಕ್ಕಿಯ ಹೆಸರು ಕಲಿಸಿದರು. ಆದ್ದರಿಂದ ಕ್ಯಾಮೆರಾ ಕೆಟ್ಟದ್ದು ಎಂದು ಯಾರೂ ಹೇಳಲಾರರು.

ಆದರೆ ಒಂದು ಸಂಗತಿಯನ್ನು ಗಮನಿಸಿ. ಮೇಲೆ ಹೇಳಿದ ಕಾಯಿದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಕೊಟ್ಟ ಅರ್ಥ ಬಹಳ ವಿಶಾಲವಾದುದು. ಪ್ರಾಣಿಯನ್ನು ಕೊಲ್ಲುವುದು, ಹಿಡಿಯುವುದು ಮಾತ್ರ ಬೇಟೆಯಲ್ಲ. ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಕಾಯಿದೆ ಬೇಟೆ ಎಂದೇ ಕರೆಯುತ್ತದೆ. ಕೋವಿ ಇಲ್ಲ, ಬಲೆ ಇಲ್ಲ, ರಕ್ತವಿಲ್ಲ, ಆದರೂ ಬೇಟೆ! ಇದನ್ನು ಓದಿದಾಗ ಧರ್ಮೋಪದೇಶಕಾಂಡದ 22ನೇ ಅಧ್ಯಾಯ ನೆನಪಾಗುತ್ತದೆ. ದಾರಿಯಲ್ಲಿ ಹಕ್ಕಿಯ ಗೂಡು ಕಂಡರೆ, ಮರಿಗಳ ಮೇಲೆ ಕುಳಿತ ತಾಯಿಯನ್ನು ಮರಿಗಳ ಸಮೇತ ಹಿಡಿಯಬಾರದೆಂಬ ವಿಧಿ ಅಲ್ಲಿದೆ. ಅದನ್ನು ಪಾಲಿಸಿದವರಿಗೆ ಸಿಗುವ ವಾಗ್ದಾನ ಯಾವುದು ಬಲ್ಲಿರಾ? ಒಳಿತು ಮತ್ತು ದೀರ್ಘಾಯುಷ್ಯ. ತಂದೆತಾಯಿಯರನ್ನು ಗೌರವಿಸುವವರಿಗೂ ಅದೇ ಗ್ರಂಥ ಅದೇ ವಾಗ್ದಾನವನ್ನು ಕೊಡುತ್ತದೆ. ಹಕ್ಕಿಗೂಡಿನಂಥ ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತು ಏಕೆ ಎಂದು ಒಂದು ಕ್ಷಣ ಯೋಚಿಸೋಣ.

ಮರದ ಪೊಟರೆಯಲ್ಲಿ ಒಂದು ಸಂಸಾರ

ಉದಾಹರಣೆಗೆ ಮಂಗಟ್ಟೆ ಹಕ್ಕಿಯನ್ನೇ ತೆಗೆದುಕೊಳ್ಳಿ. ನಮ್ಮ ತೋಟಗಳ ನೆರಳು ಮರಗಳಲ್ಲಿ ನಗುವಂತೆ ಕೂಗುವ, ದೊಡ್ಡ ಕೊಕ್ಕಿನ ಬೂದು ಹಕ್ಕಿಯನ್ನು ನೋಡದವರು ಕೊಡಗಿನಲ್ಲಿ ಅಪರೂಪ. ಅದು ಗೂಡು ಮಾಡುವುದು ಇದೇ ಬೇಸಿಗೆಯಲ್ಲಿ. ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯೊಳಗೆ ಹೊಕ್ಕು, ತನ್ನ ಹಿಕ್ಕೆ ಮುಂತಾದ ಅಂಟುವಸ್ತುಗಳಿಂದ ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಬಿಡುತ್ತದೆ. ಆಮೇಲೆ ವಾರಗಟ್ಟಲೆ ಅದು ಹೊರಗೆ ಬರುವಂತಿಲ್ಲ. ಒಳಗಿರುವ ತಾಯಿಗೂ ಮರಿಗಳಿಗೂ ಹಣ್ಣು, ಹುಳು, ಹಲ್ಲಿ ತಂದು ಆ ಸೀಳಿನಿಂದ ಉಣಿಸಬೇಕಾದವನು ಗಂಡು. ಅವನೊಬ್ಬನೇ ದುಡಿಯುವವನು, ಇಡೀ ಸಂಸಾರ ಅವನ ಬರವಿಗಾಗಿ ಕಾದಿರುತ್ತದೆ.

ಈಗ ಆ ಮರದ ಕೆಳಗೆ ನಾವು ಆರು ಮಂದಿ ನಿಂತಿದ್ದೇವೆ ಎಂದುಕೊಳ್ಳಿ. ನಾವು ಗದ್ದಲ ಮಾಡುವವರಲ್ಲ. ಮಕ್ಕಳಿಗೆ ಒಳ್ಳೆಯದನ್ನು ತೋರಿಸಬೇಕೆಂದು ಬಂದವರು. ಹಣ್ಣು ಕಚ್ಚಿಕೊಂಡ ಗಂಡು ಹಕ್ಕಿ ದೂರದ ಕೊಂಬೆಯಲ್ಲಿ ಬಂದು ಕೂರುತ್ತದೆ. ನಮ್ಮನ್ನು ನೋಡುತ್ತದೆ. ಮುಂದೆ ಬರುವುದಿಲ್ಲ. ಗೂಡಿನ ಗುಟ್ಟನ್ನು ಬಿಟ್ಟುಕೊಡಬಾರದೆಂಬ ಅರಿವು ಅದಕ್ಕಿದೆ. ನಾವು ಕಾಯುತ್ತೇವೆ, ಅದೂ ಕಾಯುತ್ತದೆ. "ಇನ್ನೊಂದು ಐದು ನಿಮಿಷ, ಬಂದೇ ಬರುತ್ತದೆ" ಎನ್ನುತ್ತೇವೆ. ಒಂದು ಗಂಟೆ ಕಳೆಯುತ್ತದೆ. ನಮ್ಮ ಪಾಲಿಗೆ ಅದು ತಾಳ್ಮೆ, ಪೊಟರೆಯೊಳಗಿನವರ ಪಾಲಿಗೆ ಹಸಿವು. ನಾವು ಹೋದ ಮೇಲೆ ಸುದ್ದಿ ಕೇಳಿ ಇನ್ನೊಂದು ಕಾರು ಬರುತ್ತದೆ. ಮರುದಿನ ಮತ್ತೊಂದು. ಬಂದವರಲ್ಲಿ ಒಬ್ಬರೂ ಕಲ್ಲೆಸೆದವರಲ್ಲ, ಎಲ್ಲರೂ ಹಕ್ಕಿಪ್ರಿಯರೇ. ಆದರೂ ಆ ಗೂಡು ಸೋಲಬಹುದು.

ಇದೇ ನಮ್ಮ ಪ್ರಶ್ನೆಯ ತಿರುಳು. ಕೆಡುಕು ಯಾವಾಗಲೂ ಕೆಟ್ಟ ಮನಸ್ಸಿನಿಂದಲೇ ಬರುತ್ತದೆ ಎಂದು ನಾವು ನಂಬಿದ್ದೇವೆ. ಆದರೆ ಇಲ್ಲಿ ಪ್ರೀತಿಯೇ ಹಾನಿ ಮಾಡುತ್ತಿದೆ. ಪಡೆದುಕೊಳ್ಳಬೇಕೆಂಬ ಆಸೆ ಸೇರಿಕೊಂಡ ಪ್ರೀತಿ ಅದು. ನೋಡಿ ಸಂತೋಷಪಟ್ಟು ಹೊರಟುಬಿಡಬಹುದಿತ್ತು. ಹೊರಡಲು ಬಿಡದೆ ನಮ್ಮನ್ನು ಅಲ್ಲೇ ನಿಲ್ಲಿಸಿದ್ದು ಚಿತ್ರ.

ಬೇಸಿಗೆಯ ನೀರು

ಬೇಸಿಗೆ ಎಂಬುದಕ್ಕೂ ಇಲ್ಲಿ ಒಂದು ವಿಶೇಷ ಅರ್ಥವಿದೆ. ಏಪ್ರಿಲ್ ತಿಂಗಳಲ್ಲಿ ಪ್ರಾಣಿಗಳು ಸುಲಭವಾಗಿ ಕಾಣಸಿಗುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಏಕೆ ಕಾಣಸಿಗುತ್ತವೆ? ಎಲೆ ಉದುರಿ ಕಾಡು ಬೋಳಾಗಿದೆ, ಅಡಗಲು ಮರೆಯಿಲ್ಲ. ಹೊಂಡಗಳು ಬತ್ತಿವೆ, ಉಳಿದ ನೀರಿಗೆ ಬರದೆ ಬೇರೆ ದಾರಿಯಿಲ್ಲ. ನಾಗರಹೊಳೆಯ ದಕ್ಷಿಣದ ಅಂಚಿನಲ್ಲಿ ಕಬಿನಿಯ ಹಿನ್ನೀರಿಗೆ ಬೇಸಿಗೆಯಲ್ಲಿ ಆನೆಗಳು ಹಿಂಡುಹಿಂಡಾಗಿ ಇಳಿಯುವುದು ಜಗತ್ಪ್ರಸಿದ್ಧ ನೋಟ. ದೊಡ್ಡ ಆನೆಗೆ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಬೇಕು. ಅದು ಅಲ್ಲಿಗೆ ಬಂದಿರುವುದು ಬಾಯಾರಿ, ಎಳೆಯ ಮರಿಯನ್ನು ಬಿಸಿಲಿನಲ್ಲಿ ನಡೆಸಿಕೊಂಡು. ನಮಗೆ ಅದು ಸುಲಭವಾಗಿ ಕಾಣುತ್ತಿದೆ ಎಂದರೆ ಅದರ ಪಾಲಿಗೆ ಅದು ಅತ್ಯಂತ ಕಷ್ಟದ ಕಾಲವೆಂದೇ ಅರ್ಥ.

ಆಸ್ಪತ್ರೆಯ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತ ತಾಯಿಯ ಮುಂದೆ ಹೋಗಿ ನಾವು ಕ್ಯಾಮೆರಾ ಹಿಡಿಯುವುದಿಲ್ಲ. ಅವಳಿಗೆ ಹೋಗಲು ಬೇರೆ ಕಡೆಯಿಲ್ಲ, ಅವಳ ಇಕ್ಕಟ್ಟನ್ನು ನಮ್ಮ ಅನುಕೂಲ ಮಾಡಿಕೊಳ್ಳಬಾರದು ಎಂಬ ಸಂಕೋಚ ನಮಗಿದೆ. ನೀರಿನ ಬಳಿಯ ಪ್ರಾಣಿಗೂ ಆ ಸಂಕೋಚದ ಒಂದು ಪಾಲು ಸಲ್ಲಬೇಕಲ್ಲವೇ? ದೂರದಿಂದ ನೋಡೋಣ, ಚಿತ್ರವನ್ನೂ ತೆಗೆಯೋಣ. ಆದರೆ ನೀರಿಗೂ ಅದಕ್ಕೂ ನಡುವೆ ನಾವು ನಿಲ್ಲಬಾರದು.

ಬೆಲೆ ತೆರುವ ಇನ್ನೊಬ್ಬರು

ಇದುವರೆಗೆ ಪ್ರಾಣಿಯ ಮಾತಾಯಿತು. ಇನ್ನು ಮನುಷ್ಯರ ಮಾತು. 2025ರ ಅಕ್ಟೋಬರಿನಲ್ಲಿ ಪ್ರಕಟವಾದ ಆನೆಗಳ ಲೆಕ್ಕದಲ್ಲಿ ಕರ್ನಾಟಕಕ್ಕೆ 6,013 ಆನೆಗಳು ಬಂದವು, ದೇಶದಲ್ಲೇ ಇದು ಹೆಚ್ಚು. ಕೊಡಗಿನ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿ ಕಡೆಗಳಲ್ಲಿ ಆನೆ ಎಂದರೆ ಕಾಡಿನ ಪ್ರಾಣಿಯಲ್ಲ, ನೆರೆಯವನು. ಹಗಲು ತೋಟದ ಮರೆಯಲ್ಲಿ ನಿಂತಿದ್ದು, ಕತ್ತಲಾದ ಮೇಲೆ ಹೊರಡುತ್ತದೆ. ಹಲಸು ಹಣ್ಣಾಗುವ ಕಾಲದಲ್ಲಿ ಮನೆಯ ಅಂಗಳಕ್ಕೇ ಬರುತ್ತದೆ. ಆನೆ ತುಳಿತಕ್ಕೆ ಜೀವ ಕಳೆದುಕೊಂಡ ತೋಟದ ಕಾರ್ಮಿಕರ, ಬೆಳೆಗಾರರ ಮನೆಗಳು ಈ ಜಿಲ್ಲೆಯಲ್ಲಿ ಒಂದೆರಡಲ್ಲ. ಅಂಥ ಮನೆಗೆ ಹೋಗಿ ಜಪಸರ ಪ್ರಾರ್ಥನೆಯಲ್ಲಿ ಕುಳಿತವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ.

ತೋಟದೊಳಗಿನ ಆನೆಗಳನ್ನು ಅರಣ್ಯ ಸಿಬ್ಬಂದಿ ಕಾಡಿಗೆ ಓಡಿಸುವಾಗ ಏನಾಗುತ್ತದೆ ನೋಡಿ. ಸುದ್ದಿ ಹಬ್ಬಿದ ಕೂಡಲೇ ರಸ್ತೆಯ ಬದಿಯಲ್ಲಿ ಬೈಕು, ಕಾರುಗಳು ನಿಲ್ಲುತ್ತವೆ. ಎಲ್ಲರ ಕೈಯೂ ಮೇಲೆ, ಎಲ್ಲರ ಕೈಯಲ್ಲೂ ಮೊಬೈಲು. ಹಿಂಡು ದಾಟಬೇಕಾಗಿದ್ದ ಜಾಗದಲ್ಲೇ ಜನ. ಮುಂದೆ ಹೋಗಲಾರದೆ ಹಿಂಡು ಒಡೆಯುತ್ತದೆ. ತಾಯಿ ಒಂದು ಕಡೆ, ಮರಿ ಒಂದು ಕಡೆ. ಬೆದರಿದ, ಕೆರಳಿದ ಆನೆ ಮತ್ತೆ ತೋಟಕ್ಕೇ ನುಗ್ಗುತ್ತದೆ. ಚಿತ್ರ ತೆಗೆದವರು ಸಂಜೆಯೊಳಗೆ ಮೈಸೂರಿಗೋ ಬೆಂಗಳೂರಿಗೋ ಮುಟ್ಟುತ್ತಾರೆ. ಬೆಳಿಗ್ಗೆ ಮಂಜಿನಲ್ಲಿ, ಲೈನ್ ಮನೆಯಿಂದ ಕೆಲಸಕ್ಕೆ ಅದೇ ಕಾಲುದಾರಿಯಲ್ಲಿ ನಡೆಯುವ ಹೆಂಗಸಿಗೆ ಆ ಆನೆ ಎದುರಾಗುತ್ತದೆ. "ನೀವು ಫೋಟೋ ತೆಗೆದು ಹೋಗ್ತೀರಿ ಸಾರ್, ನಾಳೆ ಆ ದಾರೀಲಿ ನಡೆಯೋರು ನಾವು" ಎಂದು ಅವಳು ಕೇಳಿದರೆ ಕೊಡಲು ನಮ್ಮ ಬಳಿ ಉತ್ತರವಿದೆಯೇ?

ಕೆಲವೊಮ್ಮೆ ಚಿತ್ರ ತೆಗೆದವರೇ ಬೆಲೆ ತೆರುವುದೂ ಉಂಟು. 2025ರ ಆಗಸ್ಟ್ ತಿಂಗಳಲ್ಲಿ ಬಂಡೀಪುರದ ಕೆಕ್ಕನಹಳ್ಳದ ಬಳಿ, ರಸ್ತೆ ಬದಿಯ ಆನೆಯ ಚಿತ್ರಕ್ಕಾಗಿ ವಾಹನದಿಂದಿಳಿದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ದೇವರ ದಯೆಯಿಂದ ಜೀವ ಉಳಿಯಿತು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಅದೇ ವರ್ಷ ನವೆಂಬರಿನಲ್ಲಿ, ಕಾಡಂಚಿನ ರೈತರು ಹುಲಿ ದಾಳಿಗೆ ಬಲಿಯಾದ ಮೇಲೆ, ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಲು ಸರ್ಕಾರ ಆದೇಶಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟು, ಹುಲಿ ಸಂರಕ್ಷಿತ ಪ್ರದೇಶಗಳ ಒಳಗಾಡಿನಲ್ಲಿ ಪ್ರವಾಸಿಗರಿಗೆ ಮೊಬೈಲ್ ಬಳಸಲು ಬಿಡಬಾರದೆಂದು ಹೇಳಿತು. ಕಾನೂನು ತನ್ನ ಕೆಲಸ ಮಾಡಲಿ. ಆದರೆ ದಂಡಕ್ಕೆ ಹೆದರಿ ಮೊಬೈಲನ್ನು ಜೇಬಿಗೆ ಹಾಕಿದವನು ಕಾವಲುಗಾರ ಮರೆಯಾದ ಕೂಡಲೇ ಅದನ್ನು ಮತ್ತೆ ಹೊರತೆಗೆಯುತ್ತಾನೆ. ಯಾರೂ ನೋಡದಿರುವಾಗಲೂ ನಮ್ಮನ್ನು ತಡೆಯುವಂಥದ್ದು ನಮ್ಮೊಳಗೇ ಇರಬೇಕು.

ಕೆಲವು ಆಕ್ಷೇಪಗಳು

"ಇಷ್ಟೆಲ್ಲ ಏಕೆ? ಮನುಷ್ಯನಿಗಿಂತ ಪ್ರಾಣಿ ದೊಡ್ಡದೇ?" ಎಂದು ಕೆಲವರು ಕೇಳುತ್ತಾರೆ. ದೊಡ್ಡದಲ್ಲ. ಹಾಗೆಂದು ಯಾರೂ ಹೇಳುತ್ತಿಲ್ಲ. ಪ್ರಾಣಿಗಳ ಮೇಲೆ ಕ್ರೂರನಾದವನು ಕ್ರಮೇಣ ಮನುಷ್ಯರ ಮೇಲೂ ಕ್ರೂರನಾಗುತ್ತಾನೆಂದು 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಎಚ್ಚರಿಸಿದ್ದರು. ಈ ಕಾರಣವೊಂದೇ ಸಾಕು. ಆದರೆ ಧರ್ಮಸಭೆಯ ಚಿಂತನೆ ಅಲ್ಲಿಗೇ ನಿಲ್ಲಲಿಲ್ಲ. 1992ರ ಧರ್ಮೋಪದೇಶ ಗ್ರಂಥವು ಪ್ರಾಣಿಗಳನ್ನು ಬಳಸಿಕೊಳ್ಳುವ ಹಕ್ಕನ್ನು ಮನುಷ್ಯನಿಗೆ ಒಪ್ಪಿಸುತ್ತಲೇ, ಅನಾವಶ್ಯಕವಾಗಿ ಅವುಗಳನ್ನು ನೋಯಿಸುವುದು ಅವನ ಘನತೆಗೆ ಕುಂದು ಎಂದು ಬೋಧಿಸುತ್ತದೆ. 2025ರಲ್ಲಿ ನಿಧನರಾದ ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ಜೀವಿಗೂ ನಮ್ಮ ಉಪಯೋಗಕ್ಕೆ ಹೊರತಾದ, ತನ್ನದೇ ಆದ ಬೆಲೆ ದೇವರ ಕಣ್ಣಿನಲ್ಲಿದೆ ಎಂದು ವಿವರಿಸಿದರು. ಅಂದರೆ ಆ ಮಂಗಟ್ಟೆ ಹಕ್ಕಿ ನಮ್ಮ ಚಿತ್ರಕ್ಕಾಗಿ ಹುಟ್ಟಿದ್ದಲ್ಲ. ನಾವು ನೋಡದಿದ್ದರೂ ಅದರ ಬದುಕಿಗೆ ಅರ್ಥವಿದೆ. ಈ ಮಾತನ್ನು ಒಪ್ಪಿದ ಮೇಲೆ ಅವಶ್ಯಕತೆ ಯಾವುದು, ಆಸೆ ಯಾವುದು ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಹಸಿದವನಿಗೆ ಅನ್ನ ಅವಶ್ಯಕತೆ. ಹತ್ತಿರದ ಚಿತ್ರ ಅವಶ್ಯಕತೆಯಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. "ಮಕ್ಕಳು ನೋಡದಿದ್ದರೆ ಪ್ರೀತಿಸುವುದು ಹೇಗೆ? ಪ್ರೀತಿಸದಿದ್ದರೆ ನಾಳೆ ಕಾಡನ್ನು ಉಳಿಸುವವರು ಯಾರು?" ಇದು ನಿಜ. ಮನೆಯಲ್ಲಿ ಕೂಡಿಹಾಕಿದ ಮಗು ಕಾಡನ್ನು ಪ್ರೀತಿಸುವುದಿಲ್ಲ. ಆದರೆ ಮಗು ಕಲಿಯುವುದು ನಾವು ತೋರಿಸಿದ ಪ್ರಾಣಿಯಿಂದ ಮಾತ್ರವಲ್ಲ, ಪ್ರಾಣಿಯ ಮುಂದೆ ನಾವು ನಡೆದುಕೊಂಡ ರೀತಿಯಿಂದ. ಜಿಂಕೆ ತಲೆಯೆತ್ತಲಿ ಎಂದು ಅಪ್ಪ ಚಪ್ಪಾಳೆ ತಟ್ಟಿದರೆ, ಘಟ್ಟದ ರಸ್ತೆಯಲ್ಲಿ ಮಂಗ ಹತ್ತಿರ ಬರಲಿ ಎಂದು ಅಮ್ಮ ಚಿಪ್ಸ್ ಎಸೆದರೆ, ಮಗುವಿಗೆ ಪಾಠವಾಗುವುದು ಪ್ರೀತಿಯಲ್ಲ. ಬೇಕಾದದ್ದನ್ನು ಹೇಗಾದರೂ ಪಡೆಯಬಹುದು ಎಂಬ ಪಾಠ. ಆ ಪಾಠವನ್ನು ಅದು ಕಾಡಿನಲ್ಲೇ ಬಿಟ್ಟು ಬರುವುದಿಲ್ಲ, ಮನೆಗೂ ಶಾಲೆಗೂ ಹೊತ್ತು ತರುತ್ತದೆ. ಚಿಪ್ಸಿನ ರುಚಿ ಹಿಡಿದ ಮಂಗವಾದರೋ ರಸ್ತೆ ಬಿಟ್ಟು ಹೋಗದೆ ಒಂದು ದಿನ ಲಾರಿಯ ಚಕ್ರಕ್ಕೆ ಸಿಗುತ್ತದೆ.

ಮೂರನೆಯದು, "ನಾನೊಬ್ಬ ತೆಗೆಯದಿದ್ದರೆ ಏನಾಗುತ್ತದೆ? ನನ್ನ ಹಿಂದೆ ಹತ್ತು ಜೀಪುಗಳಿವೆ" ಎಂಬ ಮಾತು. ಇದು ತರ್ಕವಲ್ಲ, ಜನಜಂಗುಳಿಯಲ್ಲಿ ಅಡಗಿಕೊಳ್ಳುವ ಉಪಾಯ. ಆ ಹತ್ತು ಜೀಪಿನವರೂ ಹೀಗೆಯೇ ಹೇಳುತ್ತಿರುತ್ತಾರೆ. ನಾಗರಹೊಳೆಯ ಕಾಡಿಗಾಗಿ ತಮ್ಮ ಬದುಕನ್ನೇ ಸವೆಸಿ 2024ರಲ್ಲಿ ತೀರಿಕೊಂಡ, ಕೊಡಗಿನವರೇ ಆದ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರು ಇಂಥ ಲೆಕ್ಕ ಹಾಕುತ್ತ ಕುಳಿತಿದ್ದರೆ ಇಂದು ನಾವು ನೋಡಲು ಹೋಗುವ ಆ ಕಾಡು ಹೇಗಿರುತ್ತಿತ್ತೋ!

ಒಂದು ಸರಳ ಅಳತೆ

ಹಾಗಾದರೆ ಮಾಡಬೇಕಾದದ್ದೇನು? ಕ್ಯಾಮೆರಾವನ್ನು ಮನೆಯಲ್ಲೇ ಬಿಡಬೇಕೇ? ಬೇಡ. ಒಂದು ಸರಳ ಅಳತೆಯನ್ನು ಜೊತೆಗೆ ಒಯ್ದರೆ ಸಾಕು. ನಾವು ಬಂದಾಗ ಆ ಪ್ರಾಣಿ ಏನು ಮಾಡುತ್ತಿತ್ತೋ, ನಾವು ಹೊರಟಾಗಲೂ ಅದನ್ನೇ ಮಾಡುತ್ತಿರಬೇಕು. ಮೇಯುತ್ತಿದ್ದದ್ದು ಮೇಯುತ್ತಿರಲಿ, ಮಲಗಿದ್ದದ್ದು ಮಲಗಿರಲಿ, ಉಣಿಸುತ್ತಿದ್ದದ್ದು ಉಣಿಸುತ್ತಿರಲಿ. ನಮ್ಮಿಂದಾಗಿ ಅದು ಮಾಡುತ್ತಿದ್ದ ಕೆಲಸವನ್ನು ಬಿಟ್ಟಿತೆಂದರೆ ಅದರ ಬದುಕಿನಿಂದ ನಾವು ಏನನ್ನೋ ತೆಗೆದುಕೊಂಡಿದ್ದೇವೆ ಎಂದೇ ತಿಳಿಯಬೇಕು.

ಪ್ರಾಣಿ ತನ್ನ ಮಾತನ್ನು ಮೊದಲೇ ಹೇಳುತ್ತದೆ, ಕೇಳುವ ಕಿವಿ ಬೇಕು ಅಷ್ಟೆ. ಚುಕ್ಕೆ ಜಿಂಕೆ ಮುಂಗಾಲಿನಿಂದ ನೆಲ ಬಡಿದರೆ, ಆನೆ ಕಿವಿಯನ್ನು ಅಗಲಿಸಿ ಸೊಂಡಿಲೆತ್ತಿದರೆ, ಹಿಂಡು ಒತ್ತಾಗಿ ಸೇರಿ ಮರಿಯನ್ನು ನಡುವೆ ಹಾಕಿಕೊಂಡರೆ, ಹಕ್ಕಿ ಕೊಕ್ಕಿನಲ್ಲಿ ಆಹಾರ ಹಿಡಿದೂ ಗೂಡಿಗೆ ಬಾರದಿದ್ದರೆ "ದಯವಿಟ್ಟು ಹೋಗಿ" ಎಂದೇ ಅರ್ಥ. ಆಗ ಹಿಂದೆ ಸರಿಯುವುದು ಸೋಲಲ್ಲ, ಸೌಜನ್ಯ. ಪರರ ಮನೆಗೆ ಹೋದಾಗ ಮನೆಯವರ ಮುಖ ನೋಡಿ ಎದ್ದು ಬರುವ ಜಾಣ್ಮೆ ನಮ್ಮ ಹಿರಿಯರಿಗಿತ್ತು. ಕಾಡಿನಲ್ಲೂ ಅದೇ ಜಾಣ್ಮೆ ಬೇಕು.

ಇದೇ ಅಳತೆಯಿಂದ ಇನ್ನಷ್ಟು ಸಣ್ಣ ನಿಯಮಗಳು ತಾವಾಗಿಯೇ ಹೊರಡುತ್ತವೆ. ಗೂಡು ಕಂಡರೆ ನಿಲ್ಲದೆ ಮುಂದೆ ಹೋಗೋಣ. ಅದು ಎಲ್ಲಿದೆ ಎಂದು ಹತ್ತು ಮಂದಿಗೆ ಸಾರುವುದು ಬೇಡ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಅದನ್ನು ಮೋಸದಿಂದ ಕರೆಯುವುದು ಬೇಡ. ತಿತಿಮತಿಯಿಂದ ಆನೆಚೌಕೂರಿನ ಕಡೆಗೆ ಕಾಡಿನ ನಡುವೆ ಹೋಗುವಾಗ ಕಾರು ನಿಲ್ಲಿಸುವುದು, ಇಳಿಯುವುದು ಬೇಡ. ಸಫಾರಿಯ ಚಾಲಕನಿಗೆ "ಇನ್ನೂ ಸ್ವಲ್ಪ ಹತ್ತಿರ ಹೋಗಪ್ಪಾ" ಎಂದು ಒತ್ತಾಯ ಮಾಡುವುದು, ಅದಕ್ಕಾಗಿ ಐವತ್ತು ನೂರು ಕೈಗಿಡುವುದು ಬೇಡ. ಅವನು ಕೂಲಿಗೆ ದುಡಿಯುವವನು. ನಮ್ಮ ಆಸೆಗಾಗಿ ಅವನನ್ನು ತಪ್ಪಿಗೆ ಎಳೆಯುವುದು ಎರಡು ಪಟ್ಟು ತಪ್ಪು. ಓಡಿಸುತ್ತಿರುವ ಆನೆಗಳನ್ನು ನೋಡಲು ರಸ್ತೆಗೆ ಹೋಗುವುದಂತೂ ಬೇಡವೇ ಬೇಡ.

ದುಬಾರೆಯ ಆನೆಗಳ ವಿಷಯ ಸ್ವಲ್ಪ ಬೇರೆ. ಅವು ಪಳಗಿದವು, ಮನುಷ್ಯರ ನಡುವೆ ಬದುಕುವಂಥವು. ಮತ್ತಿಗೋಡು ಶಿಬಿರದ ಅಭಿಮನ್ಯು 2020ರಿಂದ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತವನು. ಇಡೀ ನಾಡಿಗೇ ಪರಿಚಿತ. ಆದರೆ ಪಳಗಿದ ಆನೆಗೆ ತಪ್ಪಿಸಿಕೊಂಡು ಹೋಗುವ ಅವಕಾಶವೂ ಇಲ್ಲ ಎಂಬುದನ್ನು ಮರೆಯಬಾರದು. ಕಾಡಾನೆಗೆ ಬೇಸರವಾದರೆ ಕಾಡಿಗೆ ಹೋಗುತ್ತದೆ, ಇದಕ್ಕೆ ಬೇಸರವಾದರೂ ನಿಂತೇ ಇರಬೇಕು. ಹಾಗಾಗಿ ಇಲ್ಲಿ ನಮ್ಮ ಹೊಣೆ ಕಡಿಮೆಯಲ್ಲ, ಹೆಚ್ಚು. ಅದರ ಮಾವುತನನ್ನೂ ನೋಡಿ. ಅನೇಕರು ಜೇನುಕುರುಬ ಸಮುದಾಯದವರು, ತಲೆಮಾರುಗಳಿಂದ ಆನೆಯ ಜೊತೆ ಬದುಕಿದವರು. ಅವರನ್ನು, ಅವರ ಹಾಡಿಯ ಮಕ್ಕಳನ್ನು ಒಂದು ಮಾತೂ ಕೇಳದೆ, ಆನೆಯ ಪಕ್ಕದ ಇನ್ನೊಂದು ನೋಟವೆಂಬಂತೆ ಚಿತ್ರ ತೆಗೆಯುವುದನ್ನು ದಿನವೂ ನೋಡಬಹುದು. ಪ್ರಾಣಿಯನ್ನು ವಸ್ತುವಿನಂತೆ ಕಂಡ ಕಣ್ಣು ಮನುಷ್ಯನನ್ನೂ ವಸ್ತುವಿನಂತೆ ಕಾಣಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. "ಅಣ್ಣಾ, ಒಂದು ಫೋಟೋ ತೆಗೀಬಹುದಾ?" ಎಂದು ಕೇಳಲು ಕಷ್ಟವೇನು? ಬೇಡವೆಂದರೆ ಬೇಡ.

ಕಾಣದಿರುವುದನ್ನೂ ಗೌರವಿಸೋಣ

ಯೋಬನ ಗ್ರಂಥದ ಕೊನೆಯ ಅಧ್ಯಾಯಗಳಲ್ಲಿ ದೇವರು ಯೋಬನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ. ಬೆಟ್ಟದ ಕಾಡುಮೇಕೆ ಈಯುವ ಹೊತ್ತು ನಿನಗೆ ಗೊತ್ತೇ, ಜಿಂಕೆ ಮರಿ ಹಾಕುವುದನ್ನು ನೀನು ಕಾದು ನೋಡಿದ್ದೀಯೇ ಎಂಬ ಅರ್ಥದ ಪ್ರಶ್ನೆಗಳು ಅವು. ಯೋಬನ ಬಳಿ ಉತ್ತರವಿಲ್ಲ. ಇಂದಿನ ನಾವು, "ನೋಡಿದ್ದೇವೆ, ವಿಡಿಯೋ ಇದೆ" ಎಂದು ಉತ್ತರಿಸಬಹುದೇನೋ. ಆದರೆ ಪ್ರಶ್ನೆಯ ಉದ್ದೇಶ ನಮ್ಮ ಜ್ಞಾನವನ್ನು ಪರೀಕ್ಷಿಸುವುದಲ್ಲ. ಮನುಷ್ಯನ ಕಣ್ಣಿಗೆ ಬೀಳದ, ಬೀಳಬೇಕಾಗಿಯೂ ಇಲ್ಲದ ಒಂದು ಬದುಕು ಈ ಸೃಷ್ಟಿಯಲ್ಲಿ ನಡೆಯುತ್ತಿದೆ, ಅದನ್ನು ಪೋಷಿಸುವವರು ಬೇರೊಬ್ಬರಿದ್ದಾರೆ ಎಂದು ನೆನಪಿಸುವುದು. ನಾವು ಅಲ್ಲಿಗೆ ಯಜಮಾನರಾಗಿ ಹೋಗುವುದಿಲ್ಲ, ಅತಿಥಿಗಳಾಗಿ ಹೋಗುತ್ತೇವೆ.

ಪ್ರಿಯ ತಂದೆತಾಯಿಗಳೇ, ಈ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಖಂಡಿತ ಹೊರಡಿ. ಬುತ್ತಿ ಕಟ್ಟಿಕೊಳ್ಳಿ, ಕ್ಯಾಮೆರಾವನ್ನೂ ಇಟ್ಟುಕೊಳ್ಳಿ. ಆದರೆ ಮೊದಲ ಹತ್ತು ನಿಮಿಷ ಯಾರೂ ಅದನ್ನು ಹೊರತೆಗೆಯುವುದು ಬೇಡ ಎಂದು ಎಲ್ಲರೂ ಸೇರಿ ಒಪ್ಪಂದ ಮಾಡಿಕೊಳ್ಳಿ. ಬರಿಗಣ್ಣಿನಿಂದ ನೋಡಲಿ, ಕೂಗನ್ನು ಕೇಳಲಿ, ಕಾಡಿನ ವಾಸನೆಯನ್ನು ಹೀರಲಿ. ಆಮೇಲೆ ಒಂದೆರಡು ಚಿತ್ರ ತೆಗೆಯಲಿ. ರಾತ್ರಿ ಮನೆಗೆ ಬಂದು, ಕುಟುಂಬ ಪ್ರಾರ್ಥನೆಗೆ ಕುಳಿತಾಗ, ಎಷ್ಟು ಚಿತ್ರ ಸಿಕ್ಕಿತೆಂದು ಮಕ್ಕಳನ್ನು ಕೇಳಬೇಡಿ. "ಇವತ್ತು ನಮ್ಮಿಂದ ಯಾವುದಕ್ಕಾದರೂ ತೊಂದರೆಯಾಯಿತೇ?" ಎಂದು ಕೇಳಿ. ಈ ಪ್ರಶ್ನೆಯನ್ನು ಜಿಂಕೆಯ ವಿಷಯದಲ್ಲಿ ಕೇಳಿಕೊಳ್ಳಲು ಕಲಿತ ಮಗು, ನಾಳೆ ನೆರೆಮನೆಯವರ ವಿಷಯದಲ್ಲೂ, ತೋಟದ ಆಳಿನ ವಿಷಯದಲ್ಲೂ, ವಯಸ್ಸಾದ ನಮ್ಮ ವಿಷಯದಲ್ಲೂ ಅದನ್ನು ಕೇಳಿಕೊಳ್ಳುತ್ತದೆ.